ಹಸು, ಬಸ್ಸು, ಕೊಡೆ, ಬೀಗ

ತಗಡೂರು, ನಂಜನಗೂಡು ತಾಲ್ಲೂಕು
20 ನವೆಂಬರ್ 2024, ಬುಧವಾರ

ಪ್ರೀತಿಯ ಮಗ ನಾಗೇಂದ್ರನಿಗೆ,

ಹೇಗಿದ್ದೀಯಪ್ಪ? ಮಂಡಿ ನೋವು ವಾಸಿಯಾಯಿತೇ? ಅಲ್ಲಿ ಚಳಿ ಶುರುವಾಗಿರುತ್ತದೆ, ಉಲ್ಲನ್ ಬನಿಯನ್ನನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟು ಗಂಡಸ್ತನ ತೋರಿಸಬೇಡ. ನಾನು ಬಿಪಿ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ಆದರೂ ಈ ಕಾಗದ ಮುಗಿಯುವ ಹೊತ್ತಿಗೆ ಅದು ಏರಿಯೇ ಏರುತ್ತದೆ. ಫೋನಿದ್ದೂ ಅವ್ವ ಯಾಕೆ ಕಾಗದ ಬರೆದಳು ಎಂದುಕೊಳ್ಳುತ್ತೀಯ. ನಿಮ್ಮ ಸಿಆರ್‌ಪಿಎಫ್ ಕ್ಯಾಂಪಿಗೆ ಸಿಗ್ನಲ್ ಸಿಗುವುದೇ ಹತ್ತು ನಿಮಿಷ. ನಿನ್ನನ್ನು ನಾನು ಬೈಯಬೇಕಾಗಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಮಾತು ಸ್ವಲ್ಪ ಖಾರವಾಯಿತೆಂದರೆ ‘ಅವ್ವ, ಸಿಗ್ನಲ್ ಓಯ್ತು’ ಅನ್ನುವ ಅಭ್ಯಾಸ ಬೇರೆ ನಿನಗೆ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಕೂತು ಪೂರ್ತಿ ಓದು.

ನಿನಗೆ ಗೊತ್ತಿರುವುದು ಅರ್ಧ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ನಿನ್ನ ಮಗಳು ನಯನ ಮೂರೂ ಮುಕ್ಕಾಲು ವರ್ಷವಾದರೂ ತಾನಾಗಿ ಒಂದು ಮಾತು ಆಡಿರಲಿಲ್ಲ. ಹೇಳಿಕೊಟ್ಟರೆ ಗಿಳಿಯ ಹಾಗೆ ಒಪ್ಪಿಸುವಳು, ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಎಳೆಯುವಳು, ಅಷ್ಟೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಗಿತ್ತು. ಮೈಸೂರಿನಲ್ಲಿ ಮಾತಿನ ಪರೀಕ್ಷೆ ಮಾಡಿಸೋಣ ಎಂದು ನಿನ್ನ ಹೆಂಡತಿ ರೋಜಾ ಬಾಯಿಬಿಟ್ಟು ಕೇಳಿದಾಗ ನೀನು ಏನೆಂದೆ? ‘ನಿನ್ ಮೊಬೈಲಿಂದ್ಲೇ ಮಗ ಇಂಗಾಗಿರೋದು. ನಮ್ ಕಡೆ ಇಂಗೆ ಯಾರೂ ಇಲ್ಲ, ನಿಮ್ ಕಡೆ ಯಾರಿದ್ರೋ ವಿಚಾರ್ಸು’ ಎಂದೆ. ಸ್ಪೀಕರ್ ಆನ್ ಆಗಿತ್ತು, ನಾನೂ ಕೇಳಿಸಿಕೊಂಡೆ. ಅವಳು ಫೋನನ್ನು ನನ್ನ ಕೈಗಿಟ್ಟು ಹಿತ್ತಿಲಿಗೆ ಹೋದಳು. ಆಮೇಲೆ ನೀನು ನನಗೆ ಹೇಳಿದ್ದು ನೆನಪಿದೆಯೇ? ‘ಮೂಗಿ ಅಂತ ಬರ್ಕೊಟ್ರೆ ಯಾವ್ ಸ್ಕೂಲ್ಗೂ ಸೇರುಸ್ಕಳಲ್ಲ ಕಣವ್ವ. ನೀನು ಟೀಚರಲ್ವಾ, ಎಂಗಾರ ಮಾಡಿ ಪಾಸ್ ಮಾಡ್ಸು.’ ಪರೀಕ್ಷೆ ಎಂದರೆ ಏನೆಂದು ತಿಳಿದುಕೊಂಡೆಯೋ ನೀನು! ತಿಳಿದುಕೊಳ್ಳಬೇಕಾದ ನಾನೂ ಹಾಗೆಯೇ ತಿಳಿದುಕೊಂಡೆ, ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು.

ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ನಾನು. ಸೂಪರ್‌ವೈಸರ್ ಬರುತ್ತಾರೆಂದರೆ ಹಿಂದಿನ ವಾರವಿಡೀ ಹಣ್ಣಿನ ಚಾರ್ಟು, ಪ್ರಾಣಿ ಚಾರ್ಟು ಬಾಯಿಪಾಠ ಮಾಡಿಸಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದೆ. ಅವರು ‘ವೆರಿ ಗುಡ್’ ಎಂದು ಬರೆದು ಹೋಗುತ್ತಿದ್ದರು. ಆ ವಿದ್ಯೆಯನ್ನೇ ಕೂಸಿನ ಮೇಲೆ ಹೂಡಿದೆ. ಎದುರುಮನೆ ಚನ್ನಾಜಮ್ಮನ ಮೊಮ್ಮಗನಿಗೆ ಮೈಸೂರಿನಲ್ಲೇ ಈ ಪರೀಕ್ಷೆಯಾಗಿತ್ತು. ಯಾವ ಯಾವ ಚಿತ್ರ ತೋರಿಸಿದರು, ಯಾವುದಾದ ಮೇಲೆ ಯಾವುದು ಎಂದು ಅವಳನ್ನು ಕೂರಿಸಿಕೊಂಡು ಬರೆದುಕೊಂಡೆ. ಹಳೆಯ ಚಾರ್ಟು ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಹಸು, ಬಸ್ಸು, ಕೊಡೆ, ಬೀಗ, ಗಡಿಯಾರ, ಬಾಳೆಹಣ್ಣು. ಒಂದು ಚಿತ್ರಕ್ಕೆ ಒಂದು ಕಡಲೇಕಾಯಿ. ಕೂಸು ಹೇಳಿ ಅಂಗೈ ಚಾಚುವುದು, ನಾನು ಇಡುವುದು. ಮೂರು ವಾರ ಇದೇ ಕಸುಬು.

ಮೈಸೂರಿನಲ್ಲಿ ಪರೀಕ್ಷೆ ಮಾಡಿದವರು ಸುನೀತಾ ಮೇಡಂ, ಚಿಕ್ಕ ವಯಸ್ಸಿನ ಹುಡುಗಿ. ಪುಸ್ತಕ ತೆಗೆದದ್ದೇ ತಡ, ಕೂಸು ಒಂದೇ ಉಸಿರಿಗೆ ಒಪ್ಪಿಸಿತು. ಆಮೇಲೆ ನಮ್ಮನ್ನು ಕೇಳಿದರು: ನೀರು ಬೇಕಾದರೆ ಬಾಯಲ್ಲಿ ಕೇಳುತ್ತಾಳಾ? ‘ಓ, ಕೇಳ್ತಾಳೆ’ ಎಂದೆ. ಎರಡು ಮಾತು ಕೂಡಿಸುತ್ತಾಳಾ? ಕೂಡಿಸುತ್ತಾಳೆ. ಮನೆಯಲ್ಲಿ ಯಾರಿಗಾದರೂ ಮಾತು ತಡವಾಗಿತ್ತಾ? ಇಲ್ಲವೇ ಇಲ್ಲ. ರೋಜಾ ಏನೋ ಹೇಳಲು ಬಾಯಿ ತೆಗೆದಳು, ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಸದ್ಯಕ್ಕೆ ತೊಂದರೆ ಕಾಣಿಸುತ್ತಿಲ್ಲ, ಅನುಮಾನ ಬಂದರೆ ಮತ್ತೆ ಬನ್ನಿ ಎಂದು ಬರೆದುಕೊಟ್ಟರು. ನೀನು ಕ್ಯಾಂಪಿನಲ್ಲಿ ಜಿಲೇಬಿ ಹಂಚಿದೆ. ಅವತ್ತಿನಿಂದ ಪ್ರತಿ ಫೋನಿನಲ್ಲೂ ‘ಅಸು ಬಸ್ಸು ಯೋಳವ್ವ’ ಎಂದು ಹೇಳಿಸಿ ಜೊತೆಯವರಿಗೆಲ್ಲ ಕೇಳಿಸಿದೆ. ರೋಜಾ ಮತ್ತೆ ಹೋಗೋಣ ಎಂದಾಗಲೆಲ್ಲ ನಾವಿಬ್ಬರೂ ಸೇರಿ ಅವಳ ಬಾಯಿ ಮುಚ್ಚಿಸಿದೆವು. ಹೀಗೆ ಎಂಟು ತಿಂಗಳು ಹಾಳಾಯಿತು.

ಇನ್ನು ನಿನಗೆ ಹೇಳದೆ ಮುಚ್ಚಿಟ್ಟ ವಿಷಯ. ಹೋದ ತಿಂಗಳು ರೋಜಾಳ ಅಕ್ಕನ ಮಗುವಿನ ನಾಮಕರಣಕ್ಕೆ ಸೋಮನಾಥಪುರಕ್ಕೆ ಹೋಗಿದ್ದೆವು. ವಾಪಸು ಬರುವಾಗ ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸಿಗೆ ಜನ ಮುಗಿಬಿದ್ದಿದ್ದರು. ರೋಜಾ ಸೀಟು ಹಿಡಿಯಲು ಹತ್ತಿದಳು. ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಬೇಕಲ್ಲ, ಅದನ್ನು ಬ್ಯಾಗಿನಲ್ಲಿ ಹುಡುಕುತ್ತಾ ನಾನು ಕೂಸಿನ ಕೈ ಬಿಟ್ಟೆ. ತಲೆ ಎತ್ತಿದರೆ ಕೂಸಿಲ್ಲ. ಹೆಸರು ಹಿಡಿದು ಕೂಗುತ್ತಾ ಹೂವಿನ ಅಂಗಡಿ, ಶೌಚಾಲಯ, ಬಸ್ಸುಗಳ ಸಂದಿ ಎಲ್ಲಾ ಕಡೆ ಓಡಿದೆ. ಕೂಗಿದರೆ ‘ಓ’ ಅನ್ನುವ ಮಗುವೇ ಅದು? ಅರ್ಧ ಗಂಟೆಯಾದ ಮೇಲೆ ಮೈಕಿನಲ್ಲಿ ಕಂಟ್ರೋಲರ್ ಕೂಗಿದರು: ‘ಅರಿಸಿನ ಬಣ್ಣದ ಫ್ರಾಕ್ ಆಕ್ಕಂಡಿರೋ ಎಣ್ಮಗು ಸಿಕ್ಕದೆ. ಎಸ್ರು ಕೇಳುದ್ರೂ, ಊರು ಕೇಳುದ್ರೂ ಅಸು, ಬಸ್ಸು, ಕೊಡೆ, ಬೀಗ ಅಂತದೆ. ಯಾರ್ದಮ್ಮಾ ಈ ಮಗ?’ ಇಡೀ ಬಸ್‌ಸ್ಟ್ಯಾಂಡು ಗೊಳ್ ಎಂದು ನಕ್ಕಿತು. ನಾನು ಹೋಗಿ ನೋಡಿದರೆ ಜನರ ನಡುವೆ ಕೂಸು ಅಳುತ್ತಾ ಪಟ್ಟಿ ಒಪ್ಪಿಸುತ್ತಿದೆ, ಒಂದೊಂದಕ್ಕೂ ಅಂಗೈ ಚಾಚುತ್ತಿದೆ. ಭಿಕ್ಷೆಯ ಮಗು ಎಂದುಕೊಂಡು ಯಾರೋ ಆ ಅಂಗೈಗೆ ಒಂದು ನಾಣ್ಯ ಇಟ್ಟಿದ್ದರು. ಅಪ್ಪನ ಹೆಸರು, ಅಮ್ಮನ ಹೆಸರು ಒಂದೂ ಬಾರದ ಮಗುವಿಗೆ ನಾನು ಬೀಗ, ಗಡಿಯಾರ ಕಲಿಸಿದ್ದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವಂತಾಯಿತು.

ಮಾರನೆಯ ದಿನವೇ ಮೂವರೂ ಮೈಸೂರಿಗೆ ಹೋದೆವು. ನಿನ್ನನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಕಡಲೇಕಾಯಿಯವರೆಗೆ ಎಲ್ಲವನ್ನೂ ಸುನೀತಾ ಮೇಡಂಗೆ ಒಪ್ಪಿಕೊಂಡೆ. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯಲಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿದರು, ಕಿವಿ ಚೆನ್ನಾಗಿದೆ. ಆಮೇಲೆ ಚಿತ್ರದ ಪುಸ್ತಕವನ್ನು ಬೀರುವಿಗೆ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಒಂದು ಬುಗುರಿ ಇಟ್ಟು ಕೂಸಿನ ಮುಂದೆ ತಳ್ಳಿ ಸುಮ್ಮನೆ ಕೂತರು. ಕೂಸು ಮುಚ್ಚಳ ಎಳೆಯಿತು, ಕಚ್ಚಿತು, ಡಬ್ಬಿ ಕುಟ್ಟಿತು. ‘ತಗಿ ಅನ್ನು ಕೂಸೇ’ ಎಂದು ನನ್ನ ನಾಲಿಗೆ ತುದಿಗೆ ಬಂತು, ಮೇಡಂ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಕೊನೆಗೆ ಕೂಸು ಅವರತ್ತ ತಿರುಗಿ ‘ಅಸು, ಬಸ್ಸು, ಕೊಡೆ’ ಎಂದಿತು. ಮಾತು ಇರುವುದು ಬೇಕಾದ್ದನ್ನು ಕೇಳುವುದಕ್ಕೆ, ಮನಸ್ಸಿನಲ್ಲಿರುವುದನ್ನು ಹೇಳುವುದಕ್ಕೆ ಎಂದು ಅವಳಿಗೆ ಇನ್ನೂ ತಿಳಿದಿಲ್ಲ ಅಮ್ಮ ಎಂದರು. ವಯಸ್ಸಿಗಿಂತ ಎರಡು ವರ್ಷ ಹಿಂದಿದ್ದಾಳಂತೆ.

ಈಗ ಮಂಗಳವಾರ, ಶುಕ್ರವಾರ ರೋಜಾ ಅವಳನ್ನು ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಮನೆಯಲ್ಲಿ ನಾವು ಏನು ಕೊಡುವ ಮೊದಲೂ ಮನಸ್ಸಿನಲ್ಲಿ ಹತ್ತು ಎಣಿಸಿ ಕಾಯಬೇಕು. ನನ್ನಂಥವಳಿಗೆ ಅದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಮೊನ್ನೆ ಬಿಂದಿಗೆಯ ಮುಂದೆ ನಿಂತು, ನಾನು ಒಂಬತ್ತು ಎಣಿಸುವಷ್ಟರಲ್ಲಿ ‘ನೀರು’ ಎಂದಳು. ಅಂಗೈ ಚಾಚಲಿಲ್ಲ, ಲೋಟ ಚಾಚಿದಳು. ಇನ್ನು ಮೇಲೆ ಫೋನಿನಲ್ಲಿ ಆ ಪಟ್ಟಿ ಹೇಳಿಸಿದೆಯೋ, ಫೋನನ್ನೇ ಬಾವಿಗೆ ಎಸೆಯುತ್ತೇನೆ. ಇವತ್ತು ರೊಟ್ಟಿ ತಿಂದೆ ಎಂದೋ, ಚಳಿ ಎಂದೋ ಹೇಳಿ ಸುಮ್ಮನೆ ಕಾದುಕೊಂಡಿರು.

ಕೋಪ ಎಷ್ಟಿದ್ದರೂ ಆಶೀರ್ವಾದದಲ್ಲಿ ಕಡಿಮೆ ಮಾಡಿಲ್ಲ. ಚೆನ್ನಾಗಿರು, ಹುಷಾರಾಗಿ ಡ್ಯೂಟಿ ಮಾಡು, ಬನಿಯನ್ ಹಾಕಿಕೋ. ಚನ್ನಾಜಮ್ಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಇಂತಿ ನಿನ್ನ ಅವ್ವ,
ಮಹದೇವಮ್ಮ

ವಿ.ಸೂ.: ಮರೆತು ಕೊನೆಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಯಾರಿಗಾದರೂ ಮಾತು ತಡವಾಗಿತ್ತಾ ಎಂದು ಮೇಡಂ ಮತ್ತೆ ಕೇಳಿದರು. ಈ ಸಲ ಹೌದು ಎಂದೆ, ನಿನ್ನ ಹೆಸರು ಬರೆಸಿದೆ. ಐದು ತುಂಬುವವರೆಗೆ ನೀನು ಮಾತಾಡಿರಲಿಲ್ಲ ಕಣೋ. ಟೀಚರ ಮಗನೇ ಹೀಗೆ ಎಂದು ಊರು ಆಡಿಕೊಳ್ಳುತ್ತದೆಂದು ಸೂಪರ್‌ವೈಸರ್ ಬಂದ ದಿನ ನಿನ್ನನ್ನು ಮನೆಯಲ್ಲಿ ಕೂಡಿಹಾಕಿ, ಚೆನ್ನಾಗಿ ಮಾತಾಡುತ್ತಾನೆ ಎಂದು ರಿಜಿಸ್ಟರಿನಲ್ಲಿ ನಾನೇ ಬರೆದೆ. ನನಗೆ ಬಂತಲ್ಲ, ಅವಳಿಗೂ ಬರುತ್ತದೆ ಎನ್ನಬೇಡ. ಮಾತು ಬಂದ ಮೇಲೂ ನೀನು ಒಂದನೇ ಕ್ಲಾಸಿನಲ್ಲಿ ಹೊರಗೆ ಹೋಗಬೇಕೆಂದು ಕೇಳಲು ಬಾರದೆ ಚಡ್ಡಿಯಲ್ಲೇ ಮಾಡಿಕೊಂಡು ಏಟು ತಿನ್ನುತ್ತಿದ್ದೆ. ನಿನಗೆ ಮರೆತಿರಬಹುದು, ಆ ಚಡ್ಡಿ ಒಗೆದವಳು ನಾನು. ರೋಜಾ ನನ್ನ ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸಿಕೊಂಡಳು. ಸಿಗ್ನಲ್ ಸಿಕ್ಕ ಕೂಡಲೇ ಮೊದಲು ಅವಳಿಗೆ ಫೋನ್ ಮಾಡಿ ತಪ್ಪಾಯಿತು ಅನ್ನು. ನಿನಗೆ ಈಗ ಮಾತು ಬರುತ್ತದೆ.