ಕುರಿ ಕರೆಯುವ ಸದ್ದು

ಚಿತ್ರದುರ್ಗ
11 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಮಗಳು ಅನುಪಮಾಗೆ,

ನಿನ್ನ ಅಪ್ಪಾಜಿಯ ಆಶೀರ್ವಾದಗಳು. ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆ ನೀನು ಇಟ್ಟು ಕಳಿಸಿದ ಚೀಟಿಗೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಅಪ್ಪನಿಗೇಕೆ ಪತ್ರದ ಶೋಕಿ ಎಂದು ನಗುತ್ತೀಯ. ಮೂರು ಸಲ ಫೋನ್ ಹಚ್ಚಿದ್ದೆ. ಮೂರು ಸಲವೂ ಊಟ ಆಯ್ತಾ, ನಿನ್ನ ಹೈಸ್ಕೂಲಿನಲ್ಲಿ ಪರೀಕ್ಷೆ ಯಾವಾಗ ಎಂದು ಕೇಳಿ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಒದರಿದ ಬಾಯಿ ಮಗಳ ದನಿ ಕೇಳಿದ ಕೂಡಲೇ ಕಟ್ಟಿಹೋಗುತ್ತದೆ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವಿಗೆ ಹೊಳಲ್ಕೆರೆಯಿಂದ ಯಾವುದೋ ಎಣ್ಣೆ ತರಿಸಿಕೊಂಡಿದ್ದಾಳೆ, ಮನೆಯೆಲ್ಲ ಅದರದೇ ವಾಸನೆ. ನೋವು ಕಡಿಮೆಯಾಯಿತೇ ಎಂದರೆ "ಎಣ್ಣೆ ಕಡಿಮೆ ಆಯ್ತು" ಎನ್ನುತ್ತಾಳೆ. ನನ್ನ ಸಕ್ಕರೆ ಹದ್ದುಬಸ್ತಿನಲ್ಲಿದೆ.

ಕಳೆದ ತಿಂಗಳು ನಿನಗೆ ಫೋನ್ ಮಾಡಿದ್ದರಲ್ಲ ಶಾಹೀನ್, ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸುವವರು, ಅವರು ನಮ್ಮ ಮನೆಗೂ ಬಂದಿದ್ದರು. ಕುರಿ, ದನ, ಕೋಳಿಗಳನ್ನು ಜನ ಯಾವ ಯಾವ ಸದ್ದಿನಿಂದ ಕರೆಯುತ್ತಾರೆ ಎಂಬುದರ ಮೇಲೆ ದೊಡ್ಡ ಯೋಜನೆ ಹಿಡಿದಿದ್ದಾರೆ. "ನಮ್ ದಾದಿ, ಅಂದ್ರೆ ಅಜ್ಜಿ, ಕೋಳೀನ ಉರ್ದುನಲ್ಲಿ ಕರೀತಿದ್ರು ಸರ್. ಪಕ್ಕದ್ಮನೆ ಕೋಳಿ ಒಂದೂ ತಿರುಗಿ ನೋಡ್ತಿರ್ಲಿಲ್ಲ" ಎಂದು ಹೇಳಿ ನಿನ್ನ ಅಮ್ಮನನ್ನು ನಗಿಸಿದರು. ಧರ್ಮಪುರದ ಕಡೆ ದಾರಿ ತೋರಿಸಲು ಒಬ್ಬರು ಬೇಕಾಗಿತ್ತು. ನಿವೃತ್ತನಿಗೆ ಇನ್ನೇನು ಕೆಲಸ, ಮೊನ್ನೆ ಭಾನುವಾರ ಅವರ ಜೀಪು ಹತ್ತಿದೆ.

ಹೋದದ್ದು ನಿನ್ನ ಆ ಕುರಿಗಾಹಿ ಗೊಲ್ಲಪ್ಪನ ಹಟ್ಟಿಗೇ. ಅಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ಗೊಲ್ಲಪ್ಪ ನಾಲಿಗೆ ಮಡಚಿ ತ್ರೂ ಎಂದು ಒಮ್ಮೆ ಕೂಗಿದರೆ ಸಾಕು, ಶಾಹೀನ್ ಆ ಸದ್ದನ್ನು ತಮ್ಮ ಶಾಸ್ತ್ರದ ಧ್ವನಿಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು, ನನ್ನದೇ ವಿಷಯ ಓದಿದ ಪ್ರಭು ಎಂಬ ಯುವಕ ಲ್ಯಾಪ್‌ಟಾಪಿನಲ್ಲಿ ಅದರ ಅಲೆ ಅಳೆಯುತ್ತಿದ್ದ, ಪಶುವೈದ್ಯೆಯೊಬ್ಬಳು ಮೊದಲು ತಲೆ ಎತ್ತಿದ ಕುರಿ ಯಾವುದೆಂದು ಗುರುತು ಹಾಕುತ್ತಿದ್ದಳು. ಒಂದು ಕೂಗಿಗೆ ಮೂರು ಶಾಸ್ತ್ರ. ನಾಲ್ಕನೆಯವನು ನಾನು, ಟೋಪಿ ಹಾಕಿಕೊಂಡು ಬೇಲಿಯ ಪಕ್ಕ ನಿಂತಿದ್ದೆ.

"ಇವು ಆಂಧ್ರದ ಕಡೆಯಿಂದ ತಂದ್ವು ಸಾರ್" ಎಂದ ಗೊಲ್ಲಪ್ಪ. "ಮೊದ್ಲು ನಾನೆಷ್ಟು ಕೂಗಿದ್ರೂ ಕಲ್ಲು ನಿಂತಂಗೆ ನಿಂತಿರವು. ನಮ್ ಕರೆ ಕಲಿಯಾಕೆ ಮೂರು ತಿಂಗ್ಳು ಹಿಡೀತು. ಈಗ ನೋಡ್ರಿ, ನೀರಿಗೆ ಬೇರೆ ಐತೆ, ಹೊಲದಿಂದ ತಿರುಗ್ಸಾಕೆ ಬೇರೆ ಐತೆ, ಎಲ್ಲಾ ತಿಳ್ಕಂಡವೆ." ಶಾಹೀನ್ ಪೆನ್ನು ನಿಲ್ಲಿಸಿ, ಈ ಕರೆಗಳ ಬಗ್ಗೆ ಮೊದಲು ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದರು. "ಹೇಳದೇನು, ಸಾರ್ ಮಗ್ಳು ಅನುಪಮಮ್ಮ ಎರಡು ವರ್ಷ ಪ್ರತಿ ಭಾನುವಾರ ಬರಾರು. ನನ್ ಕೂಗಿಗೆಲ್ಲ ಒಂದೊಂದು ಹೆಸರು ಇಟ್ಟಿದ್ರು. ಆಯಮ್ಮ ಯಾಕ್ರಿ ಸಾರ್ ಬರಾದು ನಿಲ್ಸಿಬಿಟ್ರು?"

ನಿನಗೆ ಕೆಲಸ ಸಿಕ್ಕಿತು ಎಂದೆ ನಾನು.

ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ ಮಗಳೇ. ಎಂ.ಎಸ್ಸಿ. ಓದುತ್ತಾ ನೀನು ಭಾನುವಾರವೆಲ್ಲ ಶೇಂಗಾ ಹೊಲಗಳ ಬದುವಿನಲ್ಲಿ ಮೊಬೈಲು ಹಿಡಿದು ತಿರುಗುತ್ತಿದ್ದೆ. ಊರೂರಿಗೂ ಕರೆ ಯಾಕೆ ಬದಲಾಗುತ್ತದೆ, ಕುರಿಗೆ ಕೇಳಿಸುವುದು ಮಾತೋ ಬರೀ ಸದ್ದೋ, ಇದರ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆ ಎಂದೆ. ನಾನು ಊಟದ ತಟ್ಟೆಯ ಮುಂದೆ ನಕ್ಕೆ. ನಿನ್ನ ಮೇಲೆ ಮಾತ್ರವಲ್ಲ ನನ್ನ ಆ ನಗು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ವೀರಗಲ್ಲುಗಳ ಅಳತೆ ತೆಗೆಯುತ್ತಿದ್ದರು, ಒಬ್ಬರು ಕೆರೆಕಪ್ಪೆ ಎಣಿಸುತ್ತಿದ್ದರು, ಇನ್ನೊಬ್ಬರು ಹಿರಿಯೂರು ಸಂತೆಯ ಹೆಂಗಸರು ಚೌಕಾಸಿ ಮಾಡುವ ಬಗೆಯನ್ನು ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಚಹದ ಹೊತ್ತಿಗೆ ನನ್ನ ನಗು ಸಿಗುತ್ತಿತ್ತು. ನನ್ನ ಘನ ಸಂಶೋಧನೆಯೋ, ಒಂದು ಹರಳಿನ ಗುಣಗಳ ಮೇಲೆ ಇನ್ನೂರ ಹತ್ತು ಪುಟ. ಅದನ್ನು ಓದಿದವರು ನಾನು, ನನ್ನ ಗೈಡು ಮತ್ತು ಬೈಂಡಿಂಗಿನವನು. ಗೈಡು ಪೂರ್ತಿ ಓದಿದರೆಂದು ಹೇಳಲಾರೆ.

ಆಮೇಲೆ ವಿಶ್ವವಿದ್ಯಾಲಯದಿಂದ ನಿನಗೆ ಫೆಲೋಶಿಪ್ ಇಲ್ಲವೆಂದು ಪತ್ರ ಬಂತು. ನೀನು ಬಿ.ಎಡ್. ಸೇರಿದೆ, ಮಾಡದಕೆರೆಯ ಹೈಸ್ಕೂಲಿಗೆ ಹೋದೆ, ಒಳ್ಳೆಯ ಟೀಚರ್ ಎನಿಸಿಕೊಂಡೆ. ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಟ ಬಿಟ್ಟಳಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ.

ವಾಪಸು ಬರುವಾಗ ಜೀಪಿನಲ್ಲಿ ಶಾಹೀನ್ ಹೇಳಿದರು: "ನಮ್ಮ ಯೋಜನೆಗೆ ಬನ್ನಿ ಅಂದ್ರೆ ನಿಮ್ಮ ಮಗಳು ಫೋನಲ್ಲೇ ಆಗಲ್ಲ ಅಂದ್ಬಿಟ್ರು ಸರ್. ಇದು ಸಂಶೋಧನೆ ಮಾಡೋ ವಿಷಯಾನೇ ಅಲ್ಲ ಅಂತ ತಜ್ಞರು ಬರೆದು ಕೊಟ್ಟಿದ್ದಾರೆ, ನನಗೆ ಆ ಯೋಗ್ಯತೆ ಇಲ್ಲ ಅಂದ್ರು. ಅವರ ಹಳೇ ರೆಕಾರ್ಡಿಂಗ್ ಇಲ್ದೆ ಹನ್ನೊಂದು ವರ್ಷದಲ್ಲಿ ಏನು ಬದಲಾಯ್ತು ಅಂತ ನಮಗೆ ಗೊತ್ತೇ ಆಗಲ್ಲ. ರೆಕಾರ್ಡಿಂಗ್ ಮಾತ್ರ ಅಲ್ಲ ಸರ್, ಅವರೇ ಬೇಕು. ಅಲ್ಲೇ ಪಿಎಚ್.ಡಿ.ನೂ ಮಾಡ್ಲಿ." ತಿಂಗಳ ಕೊನೆಯೊಳಗೆ ಅವರು ಹೆಸರು ಕಳಿಸಬೇಕಂತೆ.

ಒಪ್ಪಿಕೋ ಮಗಳೇ. ಯೋಗ್ಯತೆ ಇಲ್ಲ ಎಂಬ ಮಾತನ್ನು ನಿನ್ನ ಬಾಯಲ್ಲಿ ಕೇಳಿದ್ದಾಗಿ ಅವರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ನೀನು ಕೇಳಿದ ಪ್ರಶ್ನೆಯನ್ನು ಮೂರು ವಿಭಾಗದವರು ಈಗ ಕೇಳುತ್ತಿದ್ದಾರೆ. ಅವತ್ತು ತಪ್ಪಿದ್ದು ನಿನ್ನ ಪ್ರಶ್ನೆಯಲ್ಲ. ರಜೆ ಹಾಕಿ ಒಂದು ಸಲ ಅವರನ್ನು ಹೋಗಿ ನೋಡು.

ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ. ಮಕ್ಕಳಿಗೆ ಬೈಯುತ್ತಾ ಗಂಟಲು ಕೆಡಿಸಿಕೊಳ್ಳಬೇಡ. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಇಂತು ನಿನ್ನ ಅಪ್ಪಾಜಿ,
ಚಿತ್ರಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಬೂಟಾಟಿಕೆ. ಆ ವರ್ಷ ಫೆಲೋಶಿಪ್ಪಿನ ಅರ್ಜಿಗಳನ್ನು, ಹೆಸರು ತೆಗೆದು, ಮೂವರು ಪರಿಶೀಲಕರಿಗೆ ಕಳಿಸಿದ್ದರು. ನಿನ್ನದು ಸದ್ದಿನ ವಿಷಯವಾದ್ದರಿಂದ ಮೂವರಲ್ಲಿ ಒಬ್ಬ ಭೌತಶಾಸ್ತ್ರದವನು ಇರಬೇಕೆಂದು ನನಗೂ ಬಂತು. ಎರಡನೇ ಪುಟದಲ್ಲಿ ಧರ್ಮಪುರ ಕಂಡಾಗಲೇ ನಿನ್ನದೆಂದು ತಿಳಿಯಿತು. ಈ ಅಭ್ಯರ್ಥಿ ನನ್ನ ಮಗಳು ಎಂದು ಅಂದೇ ವಾಪಸು ಕಳಿಸಬೇಕಿತ್ತು. ಕಳಿಸಲಿಲ್ಲ. ಇದು ಸಂಶೋಧನೆಗೆ ತಕ್ಕ ವಿಷಯವಲ್ಲ ಎಂದು ಬರೆದು ಸಹಿ ಹಾಕಿದೆ. ಉಳಿದಿಬ್ಬರೂ ನಿನ್ನ ಅರ್ಜಿಯನ್ನು ಮೆಚ್ಚಿದ್ದರು, ಆದರೆ ಮೂವರೂ ಒಪ್ಪಲೇಬೇಕಿತ್ತು. ಇನ್ನೊಮ್ಮೆ ನೋಡುತ್ತೀರಾ ಎಂದು ಆಫೀಸಿನಿಂದ ಫೋನ್ ಬಂದಾಗಲೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ ಎಂದೆ. ನಿಷ್ಪಕ್ಷಪಾತಿ ಎಂದು ಒಳಗೊಳಗೇ ಬೀಗಿದೆ ಕೂಡ. ನೀನು ಆ ಪತ್ರ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದನ್ನ ಬರೆದೋರು ನನ್ನ ಒಂದ್ಸಲನೂ ನೋಡಿಲ್ಲ ಅಪ್ಪಾಜಿ, ನೋಡಿದ್ರೆ ಹಿಂಗ್ ಬರೀತಿರ್ಲಿಲ್ಲ, ಅಲ್ವಾ?" ಎಂದು ಕೇಳಿದೆ. ನಾನು ಹೌದು ಎಂದೆ.