ಗಿರಿಜಾಳ ಇಂಪೋರ್ಟ್ ಸಾಲುಗಳು

ಸ್ಟಾಫ್‌ರೂಮಿನ ಪಕ್ಕದ ಕುರ್ಚಿಯ ಗೆಳತಿ ಗಿರಿಜಾ,

ಮೊನ್ನೆ ಹಳೇಬೀಡಿನ ಬಸ್ಸಿನಲ್ಲಿ ಕೂತಾಗ ನಿನ್ನ ಬ್ಯಾಗು ನೆನಪಾಯಿತು. ಅರಸೀಕೆರೆಯಿಂದ ಒಂದು ದಿನದ ಮಟ್ಟಿಗೆ ಗುಡಿ ಅಳೆಯಲು ಹೊರಟರೂ ಟೇಪು, ದಾರದ ಜೊತೆಗೆ ಟಾರ್ಚು, ಶಾಲು, ಜ್ವರದ ಮಾತ್ರೆ, ಸೂಜಿಯವರೆಗೆ ತುಂಬಿಕೊಳ್ಳುತ್ತಿದ್ದೆ. ಕೇಳಿದರೆ, "ಇರ್ಲಿ ಬಿಡೇ, ಬೇಕಾದಾಗ ಎಲ್ಲಿ ಹುಡ್ಕೋದು?" ಅನ್ನುತ್ತಿದ್ದೆ. ಜಾವಗಲ್ ಬರುವ ಹೊತ್ತಿಗೆ ಆ ಮೂಟೆ ನನ್ನ ತೊಡೆಯ ಮೇಲಿರುತ್ತಿತ್ತು.

ಒಂದು ಚೌಕವನ್ನು ನಡುಬಿಂದುವಿನ ಸುತ್ತ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹೋದರೆ ಗುಡಿಯ ನಕ್ಷತ್ರದಾಕಾರದ ತಳವಿನ್ಯಾಸ ಸಿಗುತ್ತದೆಂದು ನೀನು ಕಾಲೇಜಿನ ಕಂಪ್ಯೂಟರಿನಲ್ಲಿ ತೋರಿಸಿದ ದಿನ, ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗಿತ್ತು. ದೇಶವಿದೇಶದ ಗಣಿತದವರು ಸೇರಿ ಬರೆಯುವ ಆ ಉಚಿತ ಸಾಫ್ಟ್‌ವೇರ್ ಲೈಬ್ರರಿಗೆ ಕಳಿಸು ಎಂದವಳೂ ನಾನೇ. ಪ್ರೋಗ್ರಾಂ ವಾಪಸ್ ಬಂತು. ಲೆಕ್ಕ ಸರಿ, ಇಂಪೋರ್ಟ್ ಸರಿಯಿಲ್ಲ ಎಂದು ಬರೆದಿದ್ದರು. ಬೇರೆಯವರು ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು, ಆ ಮಾಡ್ಯೂಲುಗಳನ್ನು, ಹೆಸರು ಹೇಳಿ ಇಂಪೋರ್ಟ್ ಮಾಡಿ ಬಳಸಬೇಕಲ್ಲ, ನೀನು ಲೈಬ್ರರಿಯಲ್ಲಿ ಇದ್ದಬದ್ದದ್ದನ್ನೆಲ್ಲ ಮೊದಲ ಸಾಲುಗಳಲ್ಲೇ ಕರೆದು ಕೂರಿಸಿದ್ದೆ. ಚಿತ್ರ ಬಿಡಿಸುವ ಮಾಡ್ಯೂಲೂ ಅದರಲ್ಲಿತ್ತು. ಅದಿಲ್ಲದ ಕಂಪ್ಯೂಟರಿನಲ್ಲಿ ಬರೀ ಮೂಲೆಗಳ ಲೆಕ್ಕ ಕೇಳಿದರೂ ನಿನ್ನ ಪ್ರೋಗ್ರಾಂ ಶುರುವಿನಲ್ಲೇ ನಿಂತುಹೋಗುತ್ತಿತ್ತು.

ಹಾಸನದ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ನೀನು ದಿಂಬಿಗೊರಗಿಕೊಂಡು ನಕ್ಕೆ.

"ಎಲ್ಲಾ ಸೇರ್ಸಿದೀನಲ್ಲೇ, ಇನ್ನೇನು ಬೇಕಂತೆ ಅವ್ರಿಗೆ?"

"ಎಲ್ಲಾ ಸೇರ್ಸಿರೋದೇ ತಪ್ಪು ಕಣೇ. ಬೇಕಾಗಿರೋದನ್ನ ಮಾತ್ರ ಕರೀಬೇಕು."

"ಮನೆಗೆ ಹೋದ್ಮೇಲೆ ಸರಿಮಾಡ್ತೀನಿ. ನೀನು ಕೈ ಹಾಕ್ಬೇಡ. ಆಮೇಲೆ ಅದು ನಿಂದಾಗೋಗುತ್ತೆ."

ಹೂಂ ಅಂದೆ. ನೀನು ಮನೆಗೆ ಎಲ್ಲಿ ಬಂದೆ...

ನಿನ್ನ ಶಿವಗಣಾರಾಧನೆ ಮುಗಿದ ಮೇಲೆ ಒಂದು ಮಧ್ಯಾಹ್ನ ನಿಮ್ಮ ಯಜಮಾನರು ಕೊಬ್ಬರಿ ಮಂಡಿಯಿಂದ ನೇರ ಕಾಲೇಜಿಗೇ ಬಂದು ನನ್ನ ಕೈಗೊಂದು ಸಿ.ಡಿ. ಕೊಟ್ಟರು. "ಇದ್ರಲ್ಲಿ ಐತೆ ಮೇಡಂ, ಅವಳ ಗುಡಿ ಲೆಕ್ಕ. ನಂಗೇನೂ ತಿಳಿಯಲ್ಲ. ಹಾಳಾಗ್ದಂಗೆ ನೋಡ್ಕಳಿ" ಅಂದರು. ನೀನು ಮುಟ್ಟಬೇಡ ಅಂದಿದ್ದೆ, ಅವರು ನೋಡಿಕೊಳ್ಳಿ ಅನ್ನುತ್ತಿದ್ದರು. ನಾನು ಯಾರ ಮಾತು ಕೇಳಬೇಕಿತ್ತು ಹೇಳು?

ಕೊನೆಗೂ ಕೈ ಹಾಕಿದೆ, ಬೈಕೋ. ಲೆಕ್ಕದ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಮೇಲೆ ಚೌಕ ತಿರುಗಿಸುವ ಲೆಕ್ಕಕ್ಕೆ ಬೇಕಾದ ಸೈನ್, ಕೊಸೈನ್ ಮಾತ್ರ ಉಳಿಸಿ, ಚಿತ್ರದ ಮಾಡ್ಯೂಲನ್ನು ಚಿತ್ರ ಬಿಡಿಸುವ ಫಂಕ್ಷನ್ನಿನೊಳಗೆ ಇಟ್ಟೆ. ಚಿತ್ರ ಕೇಳಿದವರಿಗೆ ಮಾತ್ರ ಅದು ಬಂದರೆ ಸಾಕು. ಉಳಿದ ಸಾಲುಗಳನ್ನು ಗೊಣಗಿಕೊಂಡೇ ಅಳಿಸುತ್ತಾ ಹೋದೆ. ಒಂದು ಸಾಲಿನ ಹತ್ತಿರ ಬಂದಾಗ ಕೈ ನಿಂತಿತು. ಘನಾಕೃತಿಗಳ ಮಾಡ್ಯೂಲು. ನೆಲದ ಮೇಲಿನ ವಿನ್ಯಾಸಕ್ಕೆ ಅದು ಯಾತಕ್ಕೆ? ಆಮೇಲೆ ಹೊಳೆಯಿತು. ಹಳೇಬೀಡಿನ ಗುಡಿಗೆ ಈಗ ಶಿಖರವಿಲ್ಲವಲ್ಲ, ನಿನ್ನ ಮೂಲೆಗಳ ಮೇಲೆ ಅದನ್ನು ಕಟ್ಟಿನೋಡಬೇಕೆಂದುಕೊಂಡಿದ್ದೆ ನೀನು. ನನಗ್ಯಾಕೆ ಹೇಳಲಿಲ್ಲ ಕಣೇ? ಮುಗಿದ ಮೇಲೆ ತೋರಿಸಿ ಇನ್ನೊಂದು ಸಲ ಹೊಟ್ಟೆ ಉರಿಸೋಣ ಅಂತಲೋ... ಬಳಸದ ಇಂಪೋರ್ಟ್ ಇರಕೂಡದೆಂಬುದು ಲೈಬ್ರರಿಯ ನಿಯಮ. ಆ ಸಾಲನ್ನೂ ಅಳಿಸಿದೆ. ಅಳಿಸಿ, ಕಂಪ್ಯೂಟರಿನ ಮುಂದೆಯೇ ಅತ್ತುಬಿಟ್ಟೆ.

ತಿದ್ದಿದ್ದನ್ನು ನಿನ್ನ ಹೆಸರಿನಲ್ಲೇ ಮತ್ತೆ ಲೈಬ್ರರಿಯವರಿಗೆ ಕಳಿಸಿದ್ದೆ. ಕಳೆದ ವಾರ ಅವರ ಪತ್ರ ಬಂತು ಗಿರಿಜಾ. ನಿನ್ನ ಮಾಡ್ಯೂಲನ್ನು ಲೈಬ್ರರಿಗೆ ಸೇರಿಸಿಕೊಂಡಿದ್ದಾರೆ. ತಿದ್ದಿದವಳೆಂದು ನನ್ನ ಹೆಸರೂ ಹಾಕುತ್ತೇವೆ ಅಂದರು, ಬೇಡವೆಂದೆ. ಅದು ನಿನ್ನದೊಬ್ಬಳದ್ದೇ. ಈಗ ಶಿಖರದ ಲೆಕ್ಕವನ್ನು ನಾನು ಬೇರೆ ಫೈಲಿನಲ್ಲಿ ಶುರುಮಾಡಿದ್ದೇನೆ. ನಿನ್ನ ಮಾಡ್ಯೂಲನ್ನು ಇಂಪೋರ್ಟ್ ಮಾಡಿಕೊಳ್ಳದೆ ಅದರಲ್ಲಿ ಒಂದು ಕಲ್ಲೂ ಮೇಲೇಳುವುದಿಲ್ಲ. ಮುಗಿಸಿಯೇ ಮುಗಿಸುತ್ತೇನೆ. ಅದರ ಮೇಲೆ ಇಬ್ಬರ ಹೆಸರೂ ಇರುತ್ತದೆ, ಮೊದಲು ನಿನ್ನದು.

ನಿನ್ನ
ವಸಂತ