ಮದುವೆಗೆ ಬಾರದ ಚಾಪೆ

ಅಣ್ಣಾ,

ಇದು ನಿನಗೆ ತಲುಪುವುದಿಲ್ಲ. ನೀನಿದ್ದಾಗ ಬರೆದವೂ ನನ್ನ ಪೆಟ್ಟಿಗೆಯಲ್ಲೇ ಉಳಿದವು, ಅಂಚೆಯವರನ್ನು ದೂರುವಂತಿಲ್ಲ.

ಎಂಟು ತಿಂಗಳ ಮಗಳನ್ನೆತ್ತಿಕೊಂಡು ಆಕ್ಲೆಂಡಿನಿಂದ ನಮ್ಮ ದ್ವೀಪಕ್ಕೆ, ನಿನ್ನ ಮಣ್ಣಿಗೆ ಬಂದೆ. ವಿಮಾನದಲ್ಲಿ ಅತ್ತಳು, ದೋಣಿಯಲ್ಲಿ ಕಕ್ಕಿದಳು, ನಿನ್ನ ಹೊಸ್ತಿಲಲ್ಲಿ ಮಾತ್ರ ನಕ್ಕಳು. ನನಗೋ ಒಳಗೆ ಬರಲು ಮುಖವಿರಲಿಲ್ಲ. ನಿನ್ನ ಮಾತು ಮೀರಿ ಮದುವೆಯಾಗಿ, ಹನ್ನೊಂದು ವರ್ಷ ಮಾತು ಬಿಟ್ಟವಳು ನಿನ್ನ ತಲೆಯ ಬಳಿ ಹೇಗೆ ಕೂರಲಿ? ಸಾವಿನ ಮನೆಯಲ್ಲಿ ಅಡಿಗೆ ಕೆಲಸಕ್ಕೆ ನಿಲ್ಲುವ ಕೆಳಗಿನ ಬಳಗದವರಂತೆ ಸೊಂಟಕ್ಕೆ ಹರಕು ಚಾಪೆ ಸುತ್ತಿ, ಹಿತ್ತಲಲ್ಲಿ ಗೆಣಸು ಸುಲಿಯುತ್ತ ಕೂತೆ.

ಸೋದರತ್ತೆ ಲೇಪೆಕಾ ಕಂಡುಬಿಟ್ಟರು.

"ಏನೇ ಇದು ವೇಷ? ತಂಗಿಯಾದೋಳು ಗೆಣಸು ಸುಲಿಯೋಕೆ ಬಂದಿದೀಯಾ? ಬಿಚ್ಚು ಆ ಹರಕನ್ನ! ಕೂಸನ್ನ ಅವನ ತಲೆ ಹತ್ರ ಕೂರಿಸು. ಸತ್ತ ಮಾವನ ಮನೇಲಿ ತಂಗಿ ಮಗಳಿಗಿಂತ ದೊಡ್ಡೋರು ಯಾರೇ?"

ಕೂಸು ನಿನ್ನ ತಲೆಯ ಬಳಿ ಕಾಣಿಕೆಯಾಗಿ ಒಟ್ಟಿದ್ದ ಚಾಪೆಗಳ ರಾಶಿಯ ಮೇಲೆ ರಾಣಿಯಂತೆ ಕೂತು, ಎಲ್ಲಕ್ಕಿಂತ ನುಣುಪಾದದ್ದರ ಮೇಲೇ ಉಚ್ಚೆ ಹೊಯ್ದಳು. ಪ್ರಾರ್ಥನೆ ನಿಂತಿತು. ಬಿಕ್ಕುತ್ತಿದ್ದ ಅತ್ತಿಗೆ ನಕ್ಕುಬಿಟ್ಟಳು.

"ಬೈಬೇಡ ಅವಳನ್ನ. ನಿನ್ನ ಮದುವೆಗೆ ಅಂತಲೇ ನೇಯಿಸಿದ ಚಾಪೆ ಅದು. ಕಳಿಸೋಕೆ ನಿನ್ನಣ್ಣನ ಸೊಕ್ಕು ಬಿಡಲಿಲ್ಲ. ವರ್ಷ ವರ್ಷ ಬಿಸಿಲಿಗೆ ಹಾಕೋದು ಮಾತ್ರ ಅವರೇ, ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

ಈಗ ಅದನ್ನು ತೊಳೆದು ನಿನ್ನ ಅಂಗಳದಲ್ಲಿ ಹರವಿದ್ದೇನೆ. ಮೋಡ ಮುಚ್ಚಿದೆ, ಒಣಗಲು ದಿನಗಳೇ ಹಿಡಿಯುತ್ತವಂತೆ. ಹೊರಡುವ ಆತುರ ನನಗಿಲ್ಲ.

ನಿನ್ನ ತಂಗಿ,
ವಿಕಾ